ಭೀಮೆಯ ಆಚೆ ದಡದ ಕಾಯ್ದೆ

ನಮ್ಮ ಇಂಡಿಯಿಂದ ಭೀಮಾ ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿ ರೈತನಲ್ಲದವನು ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಹೊಲ ಕೊಳ್ಳುವಂತಿಲ್ಲ. 1948ರ ಮುಂಬಯಿ ಗೇಣಿ ಕಾಯ್ದೆಯ 63ನೇ ಕಲಂ ಇನ್ನೂ ಜೀವಂತ. 1956ರವರೆಗೆ ವಿಜಾಪುರವೂ ಮುಂಬಯಿಯಲ್ಲೇ ಇತ್ತು, ಆ ಕಾಯ್ದೆ ನಮ್ಮದೂ ಆಗಿತ್ತು.

ರೈತರಲ್ಲದವರನ್ನೂ 25 ಲಕ್ಷ ಮೀರಿದ ಬೇರೆ ಆದಾಯ ಇದ್ದವರನ್ನೂ ತಡೆಯುತ್ತಿದ್ದ ತನ್ನ 79ಎ, 79ಬಿ ಕಲಂಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ‘ಹಳೇದು, ಹೋಗ್ಲಿ ಬಿಡ್ರಿ’ ಅಂತ ನಾನೂ ಅಂದಿದ್ದೆ. ಉತಾರದಾಗ ಹೆಸರಿದ್ದರೆ ಕುಂಟೆ ಹಿಡಿಯದ ನನ್ನಂಥವನೂ ರೈತನೇ. ವಿಚಿತ್ರ ಹೌದು. ಆದರೆ ಬಗ್ ಇದ್ದದ್ದು ಒಂದು ವ್ಯಾಖ್ಯೆಯಲ್ಲಿ. ನಾವು ಫೈಲನ್ನೇ ಡಿಲೀಟ್ ಮಾಡಿದೆವು. ಈಗ ಸಿಂದಗಿ ಕಡೆ ಎರಡೆಕರೆ ಮಾರಾಟಕ್ಕೆ ಬಂದರೆ, ಬದುವಿನಾಚೆ ತೊಗರಿ ಬೆಳೆಯುವವನ ಉಳಿತಾಯ ನನ್ನ ಬೋನಸ್ಸಿನ ಮುಂದೆ ನಿಲ್ಲತೈತೇನ್ರಿ?