ತೊದಲುವವನಿಗೆ ಎರಡು ಕೂಲಿ

ಈ ಸಲ ನಾವು ವಿಮರ್ಶೆಗೆ ತಗೊಂಡಿರೋದು ಗಂಟಲು, ನಾಲಿಗೆ, ಹಲ್ಲು, ತುಟಿ ಇವುಗಳನ್ನೇ ವಸ್ತುವಾಗಿ ಮಾಡಿಕೊಂಡ ಒಂದು ಅರಬ್ಬಿ ಪದ್ಯವನ್ನು. ಹೆಸರು ‘ಮುಕದ್ದಿಮಾ’. ಬರೆದವನು ಇಬ್ನುಲ್ ಜಝರಿ. 1350ರಲ್ಲಿ ಡಮಾಸ್ಕಸ್‌ನಲ್ಲಿ ಹುಟ್ಟಿದವನು, 1402ರ ಅಂಕಾರಾ ಯುದ್ಧದಲ್ಲಿ ತೈಮೂರನ ಕೈಗೆ ಸಿಕ್ಕಿ ಸಮರಖಂಡದ ಕಡೆ ಹೋದವನು, 1429ರಲ್ಲಿ ಶಿರಾಜ್‌ನಲ್ಲಿ ತೀರಿಕೊಂಡವನು. ಸುಮಾರು 107 ದ್ವಿಪದಿಗಳ ಈ ಪದ್ಯ, ಕುರ್‌ಆನನ್ನು ಹೇಗೆ ಉಚ್ಚರಿಸಬೇಕು ಅಂತ ಹೇಳುವ ತಜ್ವೀದ್ ಶಾಸ್ತ್ರದ ಕೈಪಿಡಿ. ಮದರಸಗಳಲ್ಲಿ ಇವತ್ತಿಗೂ ಇದನ್ನು ಬಾಯಿಪಾಠ ಮಾಡಿಸ್ತಾರೆ.

ಇದು ನಮಗ್ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ಉಚ್ಚಾರಣೆ ಅನ್ನೋದು ಈ ನಾಡಿನಲ್ಲಿ ಬರೀ ಬಾಯಿಯ ವಿಷಯವಲ್ಲ. ‘ಶಾಲೆ’ಗೆ ‘ಸಾಲೆ’ ಅಂದವನ, ‘ಹಾಲಿ’ಗೆ ‘ಆಲು’ ಅಂದವಳ ಊರು, ಕೇರಿ, ಅಪ್ಪನ ಕಸುಬು ಎಲ್ಲಾ ಆ ಒಂದಕ್ಷರದಲ್ಲಿ ಬಯಲಾಗ್ತದೆ. ಕ್ಲಾಸು ನಗ್ತದೆ. ಮೇಷ್ಟ್ರೂ ನಗ್ತಾರೆ. ಆ ನಗೆಯ ಕೆಳಗೆ ಕೂತು ಡಿಗ್ರಿ ಪಡೆದ ಮೊದಲ ತಲೆಮಾರಿನವರು ನಾವು. ಶುದ್ಧ ಉಚ್ಚಾರಣೆ ಅಂತ ಯಾರೇ ಬಾಯಿ ತೆರೆಯಲಿ, ನಾವು ಕೇಳುವ ಪ್ರಶ್ನೆ ಒಂದೇ: ನಾಲಿಗೆ ತಪ್ಪಿದವನಿಗೆ ನೀವೇನು ಮಾಡ್ತೀರಿ? ಅದೇ ಪ್ರಶ್ನೆಯನ್ನು ಈ ಪದ್ಯಕ್ಕೂ ಹಾಕಿ ನೋಡೋಣ ಅಂತ, ನಮಾಜು ಮಾಡುವ ಗೆಳೆಯರ ಪಕ್ಕ ಕೂತು ಓದಿಸಿಕೊಂಡೆವು.

ಕಾವ್ಯದ ಲೆಕ್ಕದಲ್ಲಿ ಇದು ಒಣ ಪದ್ಯ. ರೂಪಕ ಇಲ್ಲ, ಕಣ್ಣೀರಿಲ್ಲ. ರಜಝ್ ಅನ್ನೋ ಛಂದಸ್ಸು. ಸವಾರಿಗೆ ಸುಲಭ ಅಂತ ಅರಬ್ಬರು ಅದನ್ನು ಕವಿಗಳ ಕತ್ತೆ ಅಂತ ಕರೀತಾರೆ. ಇರಲಿ. ಕತ್ತೆ ಹೊತ್ತಿರೋ ಹೊರೆ ನೋಡಿ. ಅಕ್ಷರಗಳು ಹುಟ್ಟುವ ಜಾಗಗಳು 17: ಬಾಯಿಯ ಪೊಳ್ಳಿನಲ್ಲಿ ಒಂದು, ಗಂಟಲಲ್ಲಿ ಮೂರು, ನಾಲಿಗೆಯ ಮೇಲೆ ಹತ್ತು, ತುಟಿಯಲ್ಲಿ ಎರಡು, ಮೂಗಿನಲ್ಲಿ ಒಂದು. ಸ್ವರವನ್ನು ಎಲ್ಲಿ ಎರಡು ಮಾತ್ರೆ ಎಳೀಬೇಕು, ಎಲ್ಲಿ ಆರರವರೆಗೆ ಹೋಗಬೇಕು ಅನ್ನೋದಕ್ಕೂ ಈ ಶಾಸ್ತ್ರದಲ್ಲಿ ಅಳತೆ ಇದೆ. ‘ನ’ಕಾರದ ಮುಂದೆ ‘ಬ’ಕಾರ ಬಂದರೆ ‘ನ’ ಹೋಗಿ ‘ಮ’ ಆಗಬೇಕು. ಇದಕ್ಕೆ ಇಕ್ಲಾಬ್ ಅಂತಾರೆ. ಹೆದರಬೇಕಿಲ್ಲ. ‘ಅಂಬಲಿ’ ಅನ್ನುವಾಗ ನಮ್ಮವ್ವಂದಿರ ಬಾಯಿ ಮಾಡೋದೂ ಇದನ್ನೇ.

ಈ ಅಳತೆಗೆ ಕಾರಣವಿದೆ. ಅರಬ್ಬಿಯಲ್ಲಿ ‘ಕ’ದಂಥ ಅಕ್ಷರ ಎರಡು. ನಾಲಿಗೆಯ ಬುಡವನ್ನು ಕಿರುನಾಲಿಗೆ ತನಕ ಒಯ್ದು ‘ಕಲ್ಬ್’ ಅಂದರೆ ಹೃದಯ. ಸ್ವಲ್ಪ ಮುಂದಕ್ಕೆ ತಂದು ಸಾದಾ ‘ಕಲ್ಬ್’ ಅಂದರೆ ನಾಯಿ. ನಮ್ಮ ಲಿಪಿಗೆ ಈ ಫರಕು ಗೊತ್ತಿಲ್ಲ, ಬಾಯಿಗೆ ಕಲಿಸಬೇಕು. ಅದಕ್ಕೇ ಪುಸ್ತಕ ನೋಡಿ ತಜ್ವೀದ್ ಕಲಿಯೋಕಾಗಲ್ಲ. ಗುರುವಿನ ಬಾಯಿ ನೋಡಬೇಕು, ಗುರು ಶಿಷ್ಯನ ಬಾಯಿ ಕೇಳಬೇಕು. ಅರ್ಥ ಕೆಡಿಸುವಂಥ ತಪ್ಪಿಗೆ ಢಾಳಾದ ತಪ್ಪು, ಬಲ್ಲವರಿಗಷ್ಟೇ ಗೊತ್ತಾಗುವ ತಪ್ಪಿಗೆ ಗುಪ್ತವಾದ ತಪ್ಪು ಅಂತ ಎರಡು ವಿಂಗಡಣೆ ಮಾಡಿದ್ದಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಪದ್ಯದಲ್ಲಿ ಒಂದು ಕಡೆ ಜಝರಿ ಬಿರುಸಾಗಿ ಮಾತಾಡ್ತಾನೆ: ತಜ್ವೀದ್ ಹಿಡಿಯೋದು ಕಡ್ಡಾಯ, ಹಿಡಿಯದವನು ಪಾಪಿ. ಇಲ್ಲಿ ನಾವು ನಿಂತುಬಿಟ್ಟೆವು. ಎಲ್ಲೋ ಕೇಳಿದ ದನಿ ಇದು. ನಮ್ಮ ನೆಲದ ಶಿಕ್ಷಾಶಾಸ್ತ್ರವೂ ಅಕ್ಷರ ಹುಟ್ಟುವ ಜಾಗಗಳನ್ನು ಇಷ್ಟೇ ಸೂಕ್ಷ್ಮವಾಗಿ ಅಳೆದದ್ದು. ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಅಂತ ತ್ವಷ್ಟೃ ಹೋಮ ಮಾಡಿ, ಸ್ವರ ತಪ್ಪಿ, ಇಂದ್ರನಿಂದಲೇ ಸಾಯುವವನು ಹುಟ್ಟಿದ ಕಥೆಯನ್ನು ಹೇಳಿ ಹೆದರಿಸಿದ್ದು. ಅಲ್ಲಿ ತಪ್ಪಿದ ಸ್ವರ ಕೊಲ್ಲುತ್ತೆ. ಅದಕ್ಕಿಂತ ಮೊದಲು, ಬಾಯಿ ತೆರೆಯುವ ಹಕ್ಕೇ ನಮಗಿರಲಿಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ತವರ ಮತ್ತು ಅರಗು ಹುಯ್ಯಿ, ಉಚ್ಚರಿಸಿದರೆ ನಾಲಿಗೆ ಕೊಯ್ಯಿ ಅಂತ ಗೌತಮ ಧರ್ಮಸೂತ್ರದಲ್ಲಿದೆ. ಹಾಗಾದರೆ ಜಝರಿಯ ‘ಪಾಪಿ’ಯೂ ಅದೇ ಜಾತಿಯ ಮಾತೇ?

ಅವಸರ ಬೇಡ. ಆ ದ್ವಿಪದಿಗೆ ಪಾಠಾಂತರ ಇದೆ. ಕೆಲವು ಪ್ರತಿಗಳಲ್ಲಿ ತಜ್ವೀದ್ ಮಾಡದವನು ಪಾಪಿ ಅಂತಿದ್ದರೆ, ಇನ್ನು ಕೆಲವುದರಲ್ಲಿ ಓದನ್ನು ತಿದ್ದಿಕೊಳ್ಳದವನು ಪಾಪಿ ಅಂತಿದೆ. ಎರಡಕ್ಕೂ ಅಜಗಜಾಂತರ. ಹೆರಾತಿನಿಂದ ಮೆಕ್ಕಾಕ್ಕೆ ಹೋಗಿ ನೆಲೆಸಿದ ಮುಲ್ಲಾ ಅಲಿ ಅಲ್ ಕಾರಿ ಈ ಪದ್ಯಕ್ಕೆ ಬರೆದ ವ್ಯಾಖ್ಯಾನದಲ್ಲಿ, ಗುಪ್ತವಾದ ತಪ್ಪುಗಳನ್ನೂ ಪ್ರತಿಯೊಬ್ಬನ ಮೇಲೆ ಕಡ್ಡಾಯವಾಗಿ ಹೇರಿದರೆ ಜನಕ್ಕೆ ಭಾರೀ ಕಷ್ಟವಾಗ್ತದೆ ಅಂತ ಆ ಬಿರುಸನ್ನು ತಗ್ಗಿಸಿದ್ದಾನೆ. ಜಝರಿಯೇ ತನ್ನ ‘ನಶ್ರ್’ ಅನ್ನೋ ದೊಡ್ಡ ಗದ್ಯಗ್ರಂಥದಲ್ಲಿ ಜನರನ್ನು ವಿಂಗಡಿಸ್ತಾನೆ. ಸರಿಯಾಗಿ ಓದುವವನಿಗೆ ಪ್ರತಿಫಲ. ಕಲಿಯುವ ಅನುಕೂಲ ಇದ್ದೂ ಸೊಕ್ಕಿನಿಂದ ಕಲಿಯದವನು ತಪ್ಪಿತಸ್ಥ. ನಾಲಿಗೆ ಮಣಿಯದವನು, ದಾರಿ ತೋರಿಸುವ ಗುರು ಸಿಗದವನು, ಇವರ ಮೇಲೆ ತಪ್ಪಿಲ್ಲ. ದೇವರು ಯಾರ ಮೇಲೂ ತಾಳಲಾರದ ಹೊರೆ ಹೊರಿಸುವುದಿಲ್ಲ.

ಗುರು ಸಿಗದವನು! ಗೆಳೆಯರೆ, ಈ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ. ಕಲಿಯದವನ ತಪ್ಪನ್ನು ತೂಗುವ ಮೊದಲು ಕಲಿಸುವವನು ಇದ್ದನೋ ಇಲ್ಲವೋ ಅಂತ ವಿಚಾರಿಸುವ ಶಾಸ್ತ್ರ ಇದು. ಪದ್ಯದಲ್ಲೇ ಇನ್ನೊಂದು ಕಡೆ ಆತ ಹೇಳೋದು ಇದಕ್ಕಿಂತ ದೊಡ್ಡ ಮಾತು: ತಜ್ವೀದ್ ಬಂದವನಿಗೂ ಬಾರದವನಿಗೂ ನಡುವೆ ಇರೋದು ದವಡೆಯ ಅಭ್ಯಾಸ ಮಾತ್ರ. ಕುಲವಲ್ಲ, ಗೋತ್ರವಲ್ಲ, ದವಡೆ. ಅಂದರೆ ದುಡಿಮೆ. ರೆಂಟೆ ಹಿಡಿದವನ ಕೈ ಪಳಗುವ ಹಾಗೆ ಬಾಯಿ ಪಳಗುತ್ತೆ. ಬಾಯಿ ಸೊಟ್ಟ ಮಾಡಿ, ದವಡೆ ತಿರುಚಿ ಓದೋದು ತಜ್ವೀದ್ ಅಲ್ಲ ಅಂತಲೂ ‘ನಶ್ರ್’ನಲ್ಲಿ ಎಚ್ಚರಿಸಿದ್ದಾನೆ.

ಪ್ರವಾದಿಯವರ ಮಡದಿ ಆಯಿಷಾ ಹೇಳಿದ ಒಂದು ಹದೀಸ್ ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಕುರ್‌ಆನ್ ಓದಿನಲ್ಲಿ ನುರಿತವನಿಗೆ ದೇವದೂತರ ಜೊತೆ ಜಾಗ. ತೊದಲುತ್ತಾ, ಕಷ್ಟಪಟ್ಟು ಓದುವವನಿಗೆ ಎರಡು ‘ಅಜ್ರ್’. ಅಜ್ರ್ ಅಂದರೆ ಪ್ರತಿಫಲ, ಕೂಲಿ. ಕೂಲಿಯಾಳಿಗೆ ಅರಬ್ಬಿಯಲ್ಲಿ ಅಜೀರ್ ಅಂತಲೇ ಹೆಸರು. ಓದಿದ್ದಕ್ಕೊಂದು ಕೂಲಿ, ಪಟ್ಟ ಕಷ್ಟಕ್ಕೊಂದು ಕೂಲಿ ಅಂತ ಪಂಡಿತರು ಬಿಡಿಸಿ ಹೇಳ್ತಾರೆ. ನುರಿತವನ ಸ್ಥಾನ ಕಡಿಮೆಯಾಗಲಿಲ್ಲ, ತೊದಲುವವನ ಬೆವರು ಲೆಕ್ಕ ತಪ್ಪಲಿಲ್ಲ.

ಇನ್ನು ಈ ಓದನ್ನು ಕಾಪಾಡಿಕೊಂಡು ಬಂದವರು ಯಾರು? ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಮುಜಾಹಿದ್ ಏಳು ಓದುಗರ ಪಾಠಗಳನ್ನು ಪ್ರಮಾಣ ಅಂತ ಆರಿಸಿದ. ಆ ಏಳರಲ್ಲಿ ಅಬೂ ಅಮ್ರ್, ಇಬ್ನ್ ಆಮಿರ್ ಇಬ್ಬರು ಮಾತ್ರ ಅಪ್ಪಟ ಅರಬ್ಬರು ಅಂತ 1194ರಲ್ಲಿ ತೀರಿಕೊಂಡ ಕುರುಡು ಪಂಡಿತ ಶಾತಿಬಿ ತನ್ನ ಪದ್ಯದಲ್ಲಿ ದಾಖಲಿಸಿದ್ದಾನೆ. ಉಳಿದವರು ಮವಾಲಿಗಳು: ಅರಬ್ ಬುಡಕಟ್ಟಿನ ಆಶ್ರಯಕ್ಕೆ ಬಂದ ಹೊರಗಿನವರು, ಬಿಡುಗಡೆಯಾದ ಗುಲಾಮರು, ಅಂಥವರ ಸಂತತಿ. ಉಮಯ್ಯಾ ದೊರೆಗಳ ಕಾಲದಲ್ಲಿ ಅರಬ್ಬರು ಕೀಳಾಗಿ ಕಂಡ ಜನ. ಮದೀನದ ನಾಫಿ ಕಡುಗಪ್ಪು ಬಣ್ಣದವನು. ಇವತ್ತು ಲೋಕದ ಬಹುಪಾಲು ಮುಸಲ್ಮಾನರು ಓದುವ ಪಾಠ ಕೂಫಾದ ಆಸಿಮ್‌ನದು. ಅವನೂ ಮವಾಲಿ.

ಇಷ್ಟಿದ್ದೂ ಕಥೆ ಕಟ್ಟುವವರು ಸುಮ್ಮನಿರಲಿಲ್ಲ. ಮೊದಲ ಬಾಂಗು ಕೂಗಿದ ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾದ ಹಬಶಿ, ನಮಗೆಲ್ಲ ಗೊತ್ತಿರೋ ಹೆಸರು. ಅವನ ಬಾಯಲ್ಲಿ ‘ಶ’ ಹೊರಡದೆ ‘ಸ’ ಅಂತಿದ್ದ, ದೇವರ ಹತ್ತಿರ ಅವನ ‘ಸ’ವೇ ‘ಶ’ ಅಂತ ಪ್ರವಾದಿಯವರು ಹೇಳಿದರು ಅನ್ನೋ ಕಥೆಯನ್ನು ಇವತ್ತೂ ಹೇಳ್ತಾರೆ. ‘ಸಾಲೆ’ಗೆ ಹೋದ ನಮಗೆ ಈ ಕಥೆ ಕೇಳಿ ಕಣ್ಣು ತುಂಬಬೇಕು. ಆದರೆ 1373ರಲ್ಲಿ ತೀರಿಕೊಂಡ ಇಬ್ನ್ ಕಸೀರ್ ಇದಕ್ಕೆ ಬುಡವೇ ಇಲ್ಲ ಅಂತ ತಳ್ಳಿಹಾಕಿದ್ದಾನೆ. ಬಿಲಾಲನಿಗೆ ಬಾಂಗು ಒಪ್ಪಿಸಿದ್ದೇ ಅವನ ಕಂಠ ಚೆನ್ನಾಗಿತ್ತು ಅಂತ. ಕಥೆ ಕಟ್ಟಿದವರು ಕರುಣೆಯಿಂದಲೇ ಕಟ್ಟಿರಬಹುದು. ಆದರೆ ಕರಿಯ ಗುಲಾಮ ಅಂದಕೂಡಲೇ ನಾಲಿಗೆ ತಪ್ಪಿರಲೇಬೇಕು ಅನ್ನೋ ಊಹೆ ಆ ಕರುಣೆಯ ಹೊಟ್ಟೆಯೊಳಗೆ ಕೂತಿದೆ. ಇಂಥ ಕರುಣೆಯನ್ನು ನಾವು ಬಲ್ಲೆವು. ‘ಪಾಪ, ಅವರಿಗೆ ಬರಲ್ಲ ಬಿಡಿ’ ಅನ್ನೋದೂ ಒಂದು ಬಗೆಯ ಬಹಿಷ್ಕಾರವೇ.

ಹಾಗಂತ ಇವತ್ತಿನ ಸಮಾಜ ಜಝರಿಯ ಪದ್ಯದಂತೆ ನಡೀತಾ ಇದೆಯೇ? ಇಲ್ಲ. ಮುಸಲ್ಮಾನರಲ್ಲೂ ಮೇಲುಕೀಳಿದೆ ಅಂತ ಅಂಬೇಡ್ಕರ್ 1940ರ ದಶಕದಲ್ಲೇ ಬರೆದಿದ್ದರು. ಉತ್ತರ ಕರ್ನಾಟಕದ ಪಿಂಜಾರ, ನದಾಫ್ ಜನರಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಹತ್ತಿ ಹಿಂಜಿ ಬದುಕಿದವರು. ಉರ್ದು ಬಾರದ್ದಕ್ಕೆ, ಅರಬ್ಬಿ ಅಕ್ಷರ ತಿರುಗದ್ದಕ್ಕೆ ಅವರನ್ನು ಮೂದಲಿಸುವವರಿದ್ದಾರೆ. ಮೂದಲಿಸುವವರ ಬಾಯನ್ನೂ ಒಂದಿಷ್ಟು ತೆಗೆಸಿ ನೋಡೋಣ. ದಖನಿ ಮಾತಾಡುವವರು ಗಂಟಲ ‘ಕ’ವನ್ನು ‘ಖ’ ಮಾಡ್ತಾರೆ. ಕೈರೋದವರು ಆಡುಮಾತಿನಲ್ಲಿ ಅದನ್ನು ನುಂಗಿಯೇಬಿಡ್ತಾರೆ. ಇನ್ನು ‘ದಾದ್’ ಅನ್ನೋ ಅಕ್ಷರ. ಅರಬ್ಬರು ತಮ್ಮ ಭಾಷೆಯನ್ನು ದಾದ್‌ನ ಭಾಷೆ ಅಂತಲೇ ಕರಕೊಳ್ತಾರೆ. ನಾಲಿಗೆಯ ಬದಿ ದವಡೆಹಲ್ಲಿಗೆ ತಾಗಿ ಹುಟ್ಟಬೇಕು ಅಂತ ಎಂಟನೇ ಶತಮಾನದಲ್ಲಿ ಬರೆದಿಟ್ಟ ಸೀಬವೈಹಿ ಪರ್ಷಿಯಾದವನು. ಇವತ್ತು ಬಹಳಷ್ಟು ಅರಬ್ಬರ ಬಾಯಲ್ಲಿ ಅದು ಒತ್ತಿ ಹೇಳಿದ ‘ದ’. ನಮ್ಮಲ್ಲಿ ‘ರಂಜಾನ್’, ಅಲ್ಲಿ ‘ರಮದಾನ್’, ಕೇರಳದ ಮಾಪಿಳ್ಳೆಗಳ ಬಾಯಲ್ಲಿ ‘ರಮಳಾನ್’. ನಾಲಿಗೆಯ ಬದಿಯಿಂದ ಉಸಿರು ಹೊರಡುವ ಗುಣ ಉಳಿದಿರೋದು ಆ ಮೀನುಗಾರರ, ಕೂಲಿಗಳ ‘ಳ’ಕಾರದಲ್ಲಿ!

ಹುಟ್ಟಿನಿಂದ ಶುದ್ಧ ಬಾಯಿ ಅನ್ನೋದು ಯಾರಿಗೂ ಇಲ್ಲ. ಅರಬ್ಬನ ಮಗುವೂ ತಜ್ವೀದ್ ಕಲೀಲೇಬೇಕು. ಇದೇ ಈ ಶಾಸ್ತ್ರದ ದೊಡ್ಡತನ. ಇದನ್ನು ಮರೆತವರ ಕೈಯಲ್ಲಿ ಅದು ಬಾರುಕೋಲು ಆಗ್ತದೆ. ಹೆಣ್ಣಿನ ದನಿಯನ್ನೇ ಮುಚ್ಚಿಡಬೇಕು ಅನ್ನೋ ಪಂಡಿತರು ಇದ್ದಾರೆ. ಆದರೆ ಇಂಡೋನೇಷ್ಯಾದಲ್ಲಿ 1968ರಲ್ಲಿ ಶುರುವಾದ ರಾಷ್ಟ್ರೀಯ ಕುರ್‌ಆನ್ ಪಠಣ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳು ಮೈಕಿನ ಮುಂದೆ ಕೂತು ಓದ್ತಾರೆ. ಅಲ್ಲಿಂದ ಬಂದ ಮಾರಿಯಾ ಉಲ್ಫಾಳ ದನಿಯನ್ನು ಲೋಕ ಕೇಳಿದೆ. ಕಲಿಸುವವರು ಸಿಕ್ಕರೆ ಏನಾಗ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಜಝರಿಯ ಪದ್ಯದ ಬಗ್ಗೆ ನಮ್ಮ ತೀರ್ಮಾನ ಇಷ್ಟು. ‘ಪಾಪಿ’ ಅನ್ನೋ ಮಾತನ್ನು ಮಾತ್ರ ಕಿತ್ತುಕೊಂಡು ಓಡುವವರು ಪದ್ಯವನ್ನು ಓದಿಲ್ಲ. ‘ದವಡೆ’ಯ ಮಾತಿನ ಜೊತೆ ಇಟ್ಟು ಓದಿದರೆ ಅದು ಕಲಿಯುವವನಿಗೆ ಹಾಕಿದ ಬೆದರಿಕೆಯಲ್ಲ, ಕಲಿಸಬಲ್ಲವನ ತಲೆಗೆ ಕಟ್ಟಿದ ಸಾಲ. ಹಳ್ಳಿ ಸ್ಕೂಲಿನ ಮೇಷ್ಟ್ರುಗಳಿಗೂ ಮದರಸದ ಉಸ್ತಾದರಿಗೂ ನಾವು ಹೇಳೋದು ಒಂದೇ: ‘ಸ’ಕಾರವೇ ಸಾಕು ಅಂತ ನಮ್ಮನ್ನು ಕನಿಕರದಿಂದ ಬಿಟ್ಟುಬಿಡಬೇಡಿ. ‘ಸ’ ಅಂದದ್ದಕ್ಕೆ ನಗಲೂ ಬೇಡಿ. ಎದುರಿಗೆ ಕೂತುಕೊಳ್ಳಿ, ಬಾಯಿ ತೋರಿಸಿ, ಹತ್ತು ಸಲ ಹೇಳಿಸಿ. ಹನ್ನೊಂದನೇ ಸಲಕ್ಕೂ ತಪ್ಪಿದರೆ, ಹನ್ನೆರಡನೇ ಸಲ ಹೇಳಿಸಿ.