ಕಾಮಿಕ್ಸ್ ಚರಿತ್ರೆಗೆ ಲೋಹದ ಅಳತೆ

ಅಮೆರಿಕದ ಹಳೆಯ ಕಾಮಿಕ್ ಪುಸ್ತಕಗಳ ಬಗ್ಗೆ ಏನನ್ನು ಓದಲು ಹೊರಟರೂ ಮೊದಲು ಎದುರಾಗುವುದು ಯುಗದ ಹೆಸರು. 1938ರಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಿಂದ ಸುವರ್ಣಯುಗ; 1956ರ ‘ಶೋಕೇಸ್’ ನಾಲ್ಕನೇ ಸಂಚಿಕೆಯಿಂದ ರಜತಯುಗ; 1970ರ ಆಸುಪಾಸಿನಿಂದ ಕಂಚಿನ ಯುಗ. ಅಲ್ಲಿಂದಾಚೆಗೆ ತಾಮ್ರ ಎನ್ನುವವರೂ ಇದ್ದಾರೆ, ಆಧುನಿಕ ಯುಗ ಎನ್ನುವವರೂ ಇದ್ದಾರೆ. ಸಂಗ್ರಹಕಾರರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಈ ವಿಂಗಡಣೆಯೇ ಈಗ ಇಡೀ ಮಾಧ್ಯಮದ ಚರಿತ್ರೆಯಾಗಿ ಚಲಾವಣೆಯಲ್ಲಿದೆ. ನನ್ನ ತಕರಾರು ಇರುವುದು ಅಲ್ಲಿ. ಈ ಲೋಹಗಳು ಸೂಪರ್‌ಹೀರೋಗಳ ಏಳುಬೀಳನ್ನೂ ಮಾರುಕಟ್ಟೆಯ ಬೆಲೆಯನ್ನೂ ಚೆನ್ನಾಗಿ ಅಳೆಯುತ್ತವೆ, ಕಲೆಯನ್ನು ಅಳೆಯುವುದಿಲ್ಲ.

ಹಾಗೆಂದು ಈ ಪರಂಪರೆಯನ್ನು ಹಗುರವಾಗಿ ಕಾಣುವಂತಿಲ್ಲ. ವಿಶ್ವವಿದ್ಯಾಲಯಗಳು ಕಾಮಿಕ್ಸ್ ಕಡೆ ತಿರುಗಿಯೂ ನೋಡದ ಕಾಲದಲ್ಲಿ ಅದರ ಚರಿತ್ರೆ ಬರೆಯಲು ಕೂತವರು ಓದುಗರೇ. 1960ರ ದಶಕದ ಆರಂಭದಲ್ಲಿ ರಿಚರ್ಡ್ ಲೂಪಾಫ್ ಅಭಿಮಾನಿಗಳ ಕಿರುಪತ್ರಿಕೆಯೊಂದರಲ್ಲಿ ‘ಸುವರ್ಣಯುಗ’ ಎಂಬ ಮಾತು ಬಳಸಿದರು. 1966ರಲ್ಲಿ ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ದ ಪತ್ರಗಳ ವಿಭಾಗದಲ್ಲಿ ಒಬ್ಬ ಓದುಗ ಬೆಳ್ಳಿಯ ಮಾತೆತ್ತಿದ. ಎರಡನೇ ಹೆಸರಿನ ಮೂಲ ಅದೇ ಎಂದು ಬಲ್ಲವರು ತೋರಿಸುತ್ತಾರೆ. 1961ರಲ್ಲಿ ಜೆರ್‍ರಿ ಬೇಲ್ಸ್ ಶುರು ಮಾಡಿದ ‘ಆಲ್ಟರ್ ಈಗೋ’ದಂಥ ಪತ್ರಿಕೆಗಳು, ಪ್ರಕಾಶಕರು ಹೆಸರು ಅಚ್ಚು ಮಾಡದೆ ಬಿಟ್ಟಿದ್ದ ಚಿತ್ರಕಾರರನ್ನು ಹುಡುಕಿ ಹುಡುಕಿ ದಾಖಲಿಸಿದವು. ಆ ಋಣ ದೊಡ್ಡದು.

ಆದರೆ 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಬೆಲೆ ಕೈಪಿಡಿ ಬಂದಮೇಲೆ ಪ್ರೀತಿಯ ಹೆಸರುಗಳು ದರಪಟ್ಟಿಯ ತಲೆಬರಹಗಳಾದವು. ಮಹಾಯುದ್ಧದ ಕಾಗದ ಸಂಗ್ರಹ ಅಭಿಯಾನಗಳಲ್ಲಿ ಹಳೆಯ ಸಂಚಿಕೆಗಳು ರಾಶಿರಾಶಿಯಾಗಿ ರದ್ದಿಗೆ ಹೋಗಿದ್ದವು. ಉಳಿದವು ಕಡಿಮೆ, ಆದ್ದರಿಂದ ತುಟ್ಟಿ. ಹತ್ತು ಸೆಂಟಿಗೆ ಮಾರಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಇಂಥ ಪ್ರತಿಗಳನ್ನು ಈಗ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಇಡುತ್ತಾರೆ. ತೆರೆದು ಓದಿದರೆ ಅಂಕ ಹೋಯಿತು.

ಬೆಳ್ಳಿಯ ಗಡಿಕಲ್ಲನ್ನು ಹತ್ತಿರದಿಂದ ನೋಡಬೇಕು. ‘ಶೋಕೇಸ್’ ನಾಲ್ಕನೇ ಸಂಚಿಕೆಯ ಮುಖಪುಟದಲ್ಲಿ ಕಾರ್ಮೈನ್ ಇನ್‌ಫ್ಯಾಂಟಿನೊ ಬರೆದ ಹೊಸ ಫ್ಲ್ಯಾಶ್ ಫಿಲ್ಮ್ ರೀಲನ್ನೇ ಸೀಳಿಕೊಂಡು ಹೊರಗೆ ಧಾವಿಸುತ್ತಾನೆ. ಒಳಗೆ ಕತೆ ಶುರುವಾಗುವಾಗ, ಹೊಸ ಫ್ಲ್ಯಾಶ್ ಆಗಲಿರುವ ಬ್ಯಾರಿ ಆ್ಯಲನ್ ಓದುತ್ತಿರುವುದು ಹಳೆಯ ಫ್ಲ್ಯಾಶ್‌ನ ಕಾಮಿಕ್ ಪುಸ್ತಕ! ಮುಂದಿನ ಯುಗದ ನಾಯಕ ಹಿಂದಿನ ಯುಗದ ಓದುಗ. 1961ರಲ್ಲಿ ಇಬ್ಬರು ಫ್ಲ್ಯಾಶ್‌ಗಳು ಮುಖಾಮುಖಿಯಾದಾಗ ಎರಡು ಯುಗಗಳು ಎರಡು ಭೂಮಿಗಳೇ ಆದವು. ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅವರ ಈ ಕಟ್ಟಣೆಯಲ್ಲಿ ಯುಗವಿಭಜನೆ ಕತೆಯ ಹೊಟ್ಟೆಯಿಂದಲೇ ಹುಟ್ಟಿತು. ಅದಕ್ಕೇ ಸೂಪರ್‌ಹೀರೋಗಳ ಮಟ್ಟಿಗೆ ಈ ಗಡಿ ಗಟ್ಟಿಯಾಗಿ ನಿಂತಿದೆ. 1955ರ ಮಾರ್ಷಿಯನ್ ಮ್ಯಾನ್‌ಹಂಟರ್‌ನಿಂದ ಲೆಕ್ಕ ಹಿಡಿಯಬೇಕೆನ್ನುವವರ ವಾದ ಅದನ್ನು ಅಲುಗಿಸಲಾರದು.

ಸೂಪರ್‌ಹೀರೋಗಳಿಂದ ಆಚೆಗೆ ಕಣ್ಣು ಹಾಯಿಸಿದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಯುದ್ಧ ಮುಗಿದಂದಿನಿಂದ 1956ರವರೆಗಿನ ಸುಮಾರು ಹತ್ತು ವರ್ಷ ಸಂಗ್ರಹಕಾರರ ಚರಿತ್ರೆಯಲ್ಲಿ ಬರಿಯ ಇಳಿಗಾಲ. ಕೈಪಿಡಿಗಳು ಆಮೇಲೆ ಅದಕ್ಕೆ ‘ಪರಮಾಣು ಯುಗ’ ಎಂದು ಹೆಸರಿಟ್ಟರೂ ಅದು ಬಾಯಿಗೆ ಹತ್ತಲಿಲ್ಲ. ನನಗೆ ಅಮೆರಿಕನ್ ಕಾಮಿಕ್ಸ್‌ನ ಅತ್ಯಂತ ಫಲವತ್ತಾದ ಕಾಲ ಅದೇ. ಸೈಮನ್ ಮತ್ತು ಜ್ಯಾಕ್ ಕರ್ಬಿ ಜೋಡಿ 1947ರಲ್ಲಿ ಪ್ರೇಮಕತೆಯ ಕಾಮಿಕ್ಸ್ ಹುಟ್ಟುಹಾಕಿದರು. 1952ರಲ್ಲಿ ಹಾರ್ವಿ ಕರ್ಟ್ಸ್‌ಮನ್ ‘ಮ್ಯಾಡ್’ ತಂದರು. ಅಂಕಲ್ ಸ್ಕ್ರೂಜ್‌ನನ್ನು ಸೃಷ್ಟಿಸಿದ ಕಾರ್ಲ್ ಬಾರ್ಕ್ಸ್ ಹೆಸರೇ ಗೊತ್ತಿಲ್ಲದೆ ಮಕ್ಕಳು ಅವರನ್ನು ‘ಒಳ್ಳೆಯ ಬಾತುಕೋಳಿ ಚಿತ್ರಕಾರ’ ಎಂದು ಗುರುತು ಹಿಡಿಯುತ್ತಿದ್ದರು.

ಒಂದೇ ಉದಾಹರಣೆ ಆರಿಸು ಎಂದರೆ ನಾನು ಬರ್ನಾರ್ಡ್ ಕ್ರಿಗ್‌ಸ್ಟೈನ್ ಅವರ ‘ಮಾಸ್ಟರ್ ರೇಸ್’ ಮುಂದಿಡುತ್ತೇನೆ. 1955ರ ‘ಇಂಪ್ಯಾಕ್ಟ್’ ಮೊದಲ ಸಂಚಿಕೆಯ ಕತೆ. ಆರು ಪುಟದ ಜಾಗವನ್ನು ಕ್ರಿಗ್‌ಸ್ಟೈನ್ ಪಟ್ಟುಹಿಡಿದು ಎಂಟಕ್ಕೆ ಏರಿಸಿಕೊಂಡರು. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೂತವನೊಬ್ಬ ಎದುರಿಗೆ ಬಂದ ಮುಖ ಕಂಡು ಬೆವರುತ್ತಾನೆ. ಇವನು ನಾಜಿ ಶಿಬಿರದ ಅಧಿಕಾರಿಯಾಗಿದ್ದವನು ಎಂಬುದು ನಿಧಾನಕ್ಕೆ ಬಯಲಾಗುತ್ತದೆ. ಓಡುತ್ತಾನೆ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಲು ಜಾರುತ್ತದೆ. ಆ ಕ್ಷಣವನ್ನು ಕ್ರಿಗ್‌ಸ್ಟೈನ್ ಸಪೂರ ಚೌಕಟ್ಟುಗಳಾಗಿ ಕೊಯ್ದು ಪಕ್ಕಪಕ್ಕ ಇಡುತ್ತಾರೆ. ರೈಲು ದಾಟುವಾಗ ಕಿಟಕಿಯೊಳಗಿನ ಪ್ರಯಾಣಿಕರ ಮುಖ ಮತ್ತೆ ಮತ್ತೆ ಮೂಡುತ್ತದೆ, ವೇಗಕ್ಕೆ ಕಣ್ಣು ಸೋತಂತೆ. ಕಾಲವನ್ನು ಪುಟದ ಮೇಲೆ ಹೀಗೆ ಹಿಗ್ಗಿಸಬಹುದೆಂದು ಅಲ್ಲಿಯವರೆಗೆ ಯಾರೂ ಇಷ್ಟು ಖಚಿತವಾಗಿ ತೋರಿಸಿರಲಿಲ್ಲ. ಚಿನ್ನದ ಪಟ್ಟಿಯಲ್ಲೂ ಬೆಳ್ಳಿಯ ಪಟ್ಟಿಯಲ್ಲೂ ಇದಕ್ಕೆ ಜಾಗವಿಲ್ಲ.

ನಮ್ಮಲ್ಲಿ 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ಮನೆಮಾತಾದ ಫ್ಯಾಂಟಮ್‌ನ ಪಾಡೂ ಅಷ್ಟೇ. ಮೈಗಂಟಿದ ಉಡುಪು, ಮುಖವಾಡದ ಈ ನಾಯಕ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲು, 1936ರಲ್ಲಿ ಬಂದವನು. ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ ಹುಟ್ಟಿದ್ದರಿಂದ ಸುವರ್ಣಯುಗದ ಹೊಸ್ತಿಲಾಚೆಗೇ ಉಳಿದ.

ಕಂಚಿನ ಯುಗದ ಹೊತ್ತಿಗೆ ಗಡಿಗಳೇ ಮಸುಕು. ಜ್ಯಾಕ್ ಕರ್ಬಿ ಮಾರ್ವೆಲ್ ಬಿಟ್ಟು ಡಿಸಿ ಸೇರಿದ್ದು, ‘ಕೋನನ್’ ಬಂದದ್ದು, ಲೇಖಕ ಓನೀಲ್ ಮತ್ತು ಚಿತ್ರಕಾರ ನೀಲ್ ಆ್ಯಡಮ್ಸ್ ಜೋಡಿ ಗ್ರೀನ್ ಲ್ಯಾಂಟರ್ನ್‌ಗೆ ಬಡತನ, ವರ್ಣಭೇದಗಳನ್ನು ತೋರಿಸಿದ್ದು, ಎಲ್ಲವೂ 1970ರಲ್ಲೇ. ಯಾವುದನ್ನು ಆರಂಭವೆನ್ನಬೇಕೆಂಬ ಜಗಳ ಇನ್ನೂ ತೀರಿಲ್ಲ. ಇದಕ್ಕಿಂತ ನಿಜವಾದ ಗಡಿಗಳು ಬೇರೆ ಇವೆ. ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿರ್ಬಂಧ, 1954ರ ಕಾಮಿಕ್ಸ್ ಕೋಡ್, ಅಂಥದೊಂದು. ‘ಇಂಪ್ಯಾಕ್ಟ್’ ಹೊರತಂದ ಇಸಿ ಸಂಸ್ಥೆಯ ಭೀತಿಕತೆಗಳ ಉಸಿರುಗಟ್ಟಿಸಿದ್ದು ಅದೇ.

ಇನ್ನೊಂದು ಗಡಿ 1973ರದು. ಅದುವರೆಗೆ ಮಾರಾಟವಾಗದ ಸಂಚಿಕೆಗಳನ್ನು ಪತ್ರಿಕೆ ಅಂಗಡಿಗಳು ಹಿಂತಿರುಗಿಸುತ್ತಿದ್ದವು. ಫಿಲ್ ಸೂಲಿಂಗ್ ರೂಪಿಸಿದ ಹೊಸ ಏರ್ಪಾಡಿನಲ್ಲಿ ಕಾಮಿಕ್ಸ್ ಅಂಗಡಿಗಳು ಹೆಚ್ಚಿನ ರಿಯಾಯಿತಿಗೆ ನೇರವಾಗಿ ಕೊಂಡವು, ವಾಪಸಾತಿ ಇಲ್ಲ. ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ಮೊದಲೇ ತಿಳಿದದ್ದರಿಂದ ಕೈಯಲ್ಲಿ ಹೆಚ್ಚು ಹಣವಿಲ್ಲದವರೂ ಧೈರ್ಯ ಮಾಡಿದರು. 1977ರಲ್ಲಿ ‘ಸೆರೆಬಸ್’, 1978ರಲ್ಲಿ ‘ಎಲ್ಫ್‌ಕ್ವೆಸ್ಟ್’, ಆಮೇಲೆ ಹರ್ನಾಂಡೆಸ್ ಸೋದರರ ‘ಲವ್ ಆ್ಯಂಡ್ ರಾಕೆಟ್ಸ್’ ಬೆಳೆದದ್ದು ಈ ದಾರಿಯಲ್ಲಿ. ಕೋಡ್‌ನ ಮುದ್ರೆ ಆ ಅಂಗಡಿಗಳಿಗೆ ಬೇಕಿರಲಿಲ್ಲ. ಸಂಗ್ರಹಕಾರರ ಪಟ್ಟಿಯಲ್ಲಿ ಮಾತ್ರ 1973 ಎಂದರೆ ಇವತ್ತಿಗೂ ನಾಯಕನ ಗೆಳತಿ ಗ್ವೆನ್ ಸ್ಟೇಸಿ ಸತ್ತ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆ.