ಪಾಸಾಗುವುದಷ್ಟೇ ಗುರಿಯಾದ ಭಾಷಾ ತರಗತಿ

ನಮ್ಮ ರಾಜ್ಯದ ಹತ್ತನೆಯ ತರಗತಿಯ ಮಕ್ಕಳು ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ವರ್ಷಗಳಿಂದ ಓದುತ್ತ ಬಂದಿರುವ ಕತೆಯೊಂದಿದೆ: ಹ್ವಾನ್ ಸೆಡಿಯೊ ಬರೆದ ‘ಜೆಂಟಲ್‌ಮನ್ ಆಫ್ ರಿಯೊ ಎನ್ ಮೇಡಿಯೊ’. ನ್ಯೂ ಮೆಕ್ಸಿಕೊದ ಸ್ಪ್ಯಾನಿಶ್ ಮಾತಾಡುವ ಹಳ್ಳಿಯೊಂದರ ಮುದುಕ ಡಾನ್ ಅನ್ಸೆಲ್ಮೊ ತನ್ನ ಮನೆ, ಜಮೀನನ್ನು 1,200 ಡಾಲರಿಗೆ ಮಾರಲು ಒಪ್ಪಿರುತ್ತಾನೆ. ಅಳತೆ ಮಾಡಿಸಿದಾಗ ಜಮೀನು ಹೆಚ್ಚಿಗೆ ಬರುತ್ತದೆ. ಕೊಳ್ಳುವವರು ಅದಕ್ಕೆ ತಕ್ಕ ಹಣ ಕೊಡಲು ಬಂದರೂ ಮುದುಕ ಒಲ್ಲೆನ್ನುತ್ತಾನೆ. ಒಪ್ಪಿದ ಮಾತು ಒಪ್ಪಿದ ಮಾತೇ. ಆದರೆ ತೋಟದ ಮರಗಳನ್ನು ತಾನು ಮಾರಿಲ್ಲ ಎನ್ನುತ್ತಾನೆ. ಊರಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದೊಂದು ಮರ ನೆಟ್ಟಿದ್ದಾನೆ, ಆ ಮರಗಳು ಆ ಮಕ್ಕಳವು.

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಸೀಮೆಯ ಮಕ್ಕಳಿಗೆ ಒಪ್ಪುವ ಕತೆಯಿದು. ತೋಟ, ಸರ್ವೆ, ಬದುವಿನ ತಕರಾರು, ಕ್ರಯಪತ್ರ, ಅಣ್ಣತಮ್ಮಂದಿರ ಪಾಲು, ಇವನ್ನೆಲ್ಲ ಅವರು ಮನೆಯ ಜಗಲಿಯಲ್ಲೇ ಕೇಳಿ ಬೆಳೆದಿರುತ್ತಾರೆ. ಮರ ಯಾರದು, ಭೂಮಿ ಯಾರದು ಎಂಬ ಪ್ರಶ್ನೆ ಎತ್ತಿದರೆ ಇಡೀ ತರಗತಿ ಮಾತಾಡಬಲ್ಲದು. ಪಠ್ಯ ಆರಿಸಿದವರ ಕಣ್ಣು ಒಳ್ಳೆಯದಿತ್ತು ಎಂದು ಮನಸಾರೆ ಹೇಳಬೇಕು.

ಆದರೆ ಎಷ್ಟೋ ತರಗತಿಗಳಲ್ಲಿ ಈ ಕತೆಗೆ ಸಿಗುವ ಉಪಚಾರ ಬೇರೆ. ಮೇಷ್ಟ್ರು ಒಂದು ಸಲ ಓದಿ ಕನ್ನಡದಲ್ಲಿ ಸಾರಾಂಶ ಹೇಳುತ್ತಾರೆ. ಮುದುಕ ಹೆಚ್ಚಿನ ಹಣ ಏಕೆ ಬೇಡವೆಂದ ಎಂಬ ಪ್ರಶ್ನೆಗೆ ಬೋರ್ಡಿನ ಮೇಲೆ ನಾಲ್ಕು ಸಾಲಿನ ಉತ್ತರ ಮೂಡುತ್ತದೆ. ಮಕ್ಕಳು ನೋಟ್ಸಿಗೆ ಇಳಿಸಿಕೊಂಡು ಉರು ಹೊಡೆಯುತ್ತಾರೆ. ಇಂಗ್ಲಿಷಿನ ಒಂದು ವಾಕ್ಯವೂ ಮಗುವಿನ ಬಾಯಿಂದ ಹೊರಡದೆ ಪಾಠ ಮುಗಿಯುತ್ತದೆ.

ಇದನ್ನು ಮೇಷ್ಟ್ರ ತಲೆಗೆ ಕಟ್ಟುವುದು ಸರಿಯಲ್ಲ. ಅವರ ಮುಂದೆ ಇಟ್ಟಿರುವ ಗುರಿಯೇ ಹಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20 ಅಂಕ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಪತ್ರಕ್ಕೆ ಇಷ್ಟು, ಪ್ರಬಂಧಕ್ಕೆ ಇಷ್ಟು, ಪದ್ಯದ ಕಂಠಪಾಠಕ್ಕೆ ಇಷ್ಟು ಎಂದು ಮೊದಲೇ ಗೊತ್ತು. ಆ ಪದ್ಯವನ್ನೂ ಮಗು ಹೇಳಬೇಕಿಲ್ಲ, ಬರೆದರಾಯಿತು. ಡಿಸೆಂಬರ್ ದಾಟಿತೆಂದರೆ ಸರಣಿ ಪರೀಕ್ಷೆ, ವಿಶೇಷ ತರಗತಿ, ಕಲಿಕೆಯಲ್ಲಿ ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್. ಫಲಿತಾಂಶ ಬಂದಾಗ ಶಾಲೆಗೆ, ತಾಲ್ಲೂಕಿಗೆ, ಜಿಲ್ಲೆಗೆ ಶೇಕಡಾವಾರು ಲೆಕ್ಕ. ಯಾವ ಮಗು ಏನು ಮಾತಾಡಬಲ್ಲದು ಎಂದು ಕೇಳುವ ಕಾಲಂ ಆ ಲೆಕ್ಕದಲ್ಲಿಲ್ಲ.

ಪಾಸಾಗುವುದು ಸಣ್ಣ ಗುರಿಯೆಂದು ನಾನು ಹೇಳುತ್ತಿಲ್ಲ. ಕೂಲಿ ಮಾಡುವ ತಾಯಿಯ ಮಗಳಿಗೆ ಪಿಯುಸಿಗೋ ಐಟಿಐಗೋ ಬಾಗಿಲು ತೆರೆಯುವುದು ಆ ಅಂಕಪಟ್ಟಿಯೇ. ಇಂಗ್ಲಿಷೊಂದರಲ್ಲೇ ನಪಾಸಾಗಿ ಓದು ಬಿಟ್ಟ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ದಡ ಸೇರಿಸಲು ಬೆಳಿಗ್ಗೆ ಎಂಟಕ್ಕೇ ಶಾಲೆಗೆ ಬರುವ ಶಿಕ್ಷಕರ ದುಡಿಮೆಗೆ ಕೈ ಮುಗಿಯಬೇಕು. ನನ್ನ ಆಕ್ಷೇಪವಿರುವುದು ಪಾಸಿನಾಚೆಗೆ ಯಾವ ನಿರೀಕ್ಷೆಯನ್ನೂ ಇಟ್ಟುಕೊಳ್ಳದ ರೂಢಿಯ ಬಗ್ಗೆ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಅಂದರೆ ಎಸ್ಸೆಸ್ಸೆಲ್ಸಿಗೆ ಕೂರುವ ಮಗು ಹತ್ತು ವರ್ಷ ಆ ಭಾಷೆಯನ್ನು ಕಲಿತಿರುತ್ತದೆ. ಹತ್ತು ವರ್ಷಕ್ಕೆ ತಕ್ಕ ಫಲ ಯಾವುದೆಂದು ನಾವು ಎಲ್ಲಾದರೂ ಬರೆದು, ಆ ಮಗುವಿಗೆ ತೋರಿಸಿದ್ದೇವೆಯೇ?

ಅಮೆರಿಕದ ಹೈಸ್ಕೂಲುಗಳಲ್ಲಿ ಸ್ಪ್ಯಾನಿಶ್ ಕಲಿಸುವ ಎಷ್ಟೋ ಶಿಕ್ಷಕರು ಶಾಲೆ ಶುರುವಾದ ವಾರವೇ ಒಂದು ಹಾಳೆ ಹಂಚುತ್ತಾರೆ. ವರ್ಷದ ಕೊನೆಗೆ ವಿದ್ಯಾರ್ಥಿ ಏನೇನು ಮಾಡಬಲ್ಲವನಾಗಬೇಕು, ಅದಕ್ಕಾಗಿ ತರಗತಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದು ಅದರಲ್ಲಿರುತ್ತದೆ. ಇದರ ಹಿಂದೆ 1996ರಲ್ಲಿ ಅಲ್ಲಿ ರೂಪಿಸಿದ ವಿದೇಶಿ ಭಾಷಾ ಕಲಿಕೆಯ ಮಾನದಂಡಗಳಿವೆ. ಅವುಗಳಲ್ಲಿ ಮೊದಲನೆಯದೇ ಸಂವಹನ. ಯುರೋಪು 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಕೂಡ ಕಲಿಕೆಯನ್ನು ಎ1ರಿಂದ ಸಿ2ರ ತನಕ ಆರು ಮಟ್ಟಗಳಾಗಿ ವಿಂಗಡಿಸಿ, ಪ್ರತಿ ಮಟ್ಟವನ್ನೂ ‘ಇದನ್ನು ಮಾಡಬಲ್ಲೆ’ ಎಂಬ ಮಾತಿನಲ್ಲಿ ವಿವರಿಸುತ್ತದೆ. ಹೆಸರು, ಊರು, ಮನೆಯವರ ಬಗ್ಗೆ ಹೇಳಬಲ್ಲೆ, ದಾರಿ ಕೇಳಬಲ್ಲೆ ಎಂಬಂಥ ಸರಳ ಮಾತುಗಳವು. ನಮ್ಮ ಪಠ್ಯಪುಸ್ತಕಗಳ ಮುನ್ನುಡಿಯಲ್ಲೂ ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳ ಪ್ರಸ್ತಾಪವಿರುತ್ತದೆ. ಮುನ್ನುಡಿಯಿಂದ ಪ್ರಶ್ನೆಪತ್ರಿಕೆಗೆ ಬರುವಷ್ಟರಲ್ಲಿ ಮೊದಲಿನ ಎರಡು ಕಳೆದುಹೋಗುತ್ತವೆ.

ಇದಕ್ಕೆ ಕಂಠಪಾಠವನ್ನು ಹಳಿಯುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿ ಬಾಯಿಪಾಠದ ಮೇಲೆಯೇ ನಿಂತಿತ್ತು. ಎಳವೆಯಲ್ಲೇ ಶಾಲೆ ಬಿಟ್ಟ ರಾಜ್‌ಕುಮಾರ್ ಪಳಗಿದ್ದು ಅಲ್ಲಿ. ಅವರ ಉಚ್ಚಾರಣೆ ನಾಡಿಗೇ ಮಾದರಿಯಾಯಿತು. ಕಂಪನಿಯ ನಟ ಕಲಿತ ಮಾತನ್ನು ಎದುರಿನವನ ಮಾತಿಗೆ ಸರಿಹೊಂದಿಸಿ, ಭಾವ ತಿಳಿದು, ಹಿಂದಿನ ಸಾಲಿಗೂ ಕೇಳುವಂತೆ ಹೇಳಬೇಕಿತ್ತು. ತಪ್ಪಿದರೆ ತಾಲೀಮಿನಲ್ಲಿ ಮತ್ತೆ ಮತ್ತೆ ಹೇಳಿಸುತ್ತಿದ್ದರು. ನಮ್ಮ ತರಗತಿಯ ಕಂಠಪಾಠಕ್ಕೆ ತಾಲೀಮೂ ಇಲ್ಲ, ಎದುರು ಪಾತ್ರವೂ ಇಲ್ಲ. ಡಾನ್ ಅನ್ಸೆಲ್ಮೊ ಮತ್ತು ಕೊಳ್ಳುವವರ ನಡುವಿನ ವ್ಯವಹಾರವನ್ನು ನಾಲ್ಕು ಮಕ್ಕಳು ಆಡಿ ತೋರಿಸಲಿ. ಕಲಿತ ವಾಕ್ಯಗಳು ಆಗ ನಾಲಿಗೆಗೆ ಹತ್ತುತ್ತವೆ.

ತೃತೀಯ ಭಾಷೆ ಹಿಂದಿಯ ಕತೆಯೂ ಹೆಚ್ಚುಕಡಿಮೆ ಇದೇ. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದ ಮೇಲೆ ಎಷ್ಟು ಭಾಷೆ ಎಂಬ ಚರ್ಚೆ ಬಿರುಸಾಗಿದೆ. ಚರ್ಚೆ ಬೇಕಾದದ್ದೇ. ಆದರೆ ಎರಡಿರಲಿ ಮೂರಿರಲಿ, ಕಲಿತ ಭಾಷೆಯಲ್ಲಿ ಮಗುವಿಗೆ ಏನು ಬರಬೇಕು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಉತ್ತರ ಸಿಗದಿದ್ದರೆ ನಷ್ಟ ಯಾರಿಗೆಂಬುದು ಈ ಜಿಲ್ಲೆಯಲ್ಲೇ ಕಾಣುತ್ತದೆ. ತುಮಕೂರು ನಗರದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಮಗುವಿನ ಕಿವಿಗೆ ಇಂಗ್ಲಿಷ್ ದಿನವಿಡೀ ಬೀಳುತ್ತದೆ. ಕುಣಿಗಲ್ ಕಡೆಯ ಹಳ್ಳಿಯ ಮಗುವಿಗೆ ಇರುವುದು ಒಂದು ಪೀರಿಯಡ್ಡು. ಅದೂ ನೋಟ್ಸ್ ಬರೆಯುವುದರಲ್ಲೇ ಕಳೆದರೆ ಅಂತರ ಪ್ರತಿ ವರ್ಷ ಹಿಗ್ಗುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ತುಮಕೂರಿನಾಚೆ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದಿವೆ. ಪಕ್ಕದೂರಿನ ಕಾರ್ಖಾನೆಯ ಕೆಲಸದ ಪ್ರಕಟಣೆಯನ್ನು ಓದಿ ಅರ್ಜಿ ತುಂಬಲು, ಸಂದರ್ಶನದಲ್ಲಿ ತನ್ನ ಬಗ್ಗೆ ಐದು ನಿಮಿಷ ಮಾತಾಡಲು ಈ ಮಣ್ಣಿನ ಮಕ್ಕಳು ತಡವರಿಸಬಾರದು.

ಆದ್ದರಿಂದ ನಿರೀಕ್ಷೆಗಳನ್ನು ತರಗತಿವಾರು ಕನ್ನಡದಲ್ಲೇ ಬರೆದು ಗೋಡೆಗೆ ಹಾಕೋಣ. ಎಂಟನೆಯ ತರಗತಿ ಮುಗಿಯುವಾಗ ಮಗು ತನ್ನ ಪರಿಚಯ ಹೇಳಿ, ದಾರಿ ಕೇಳಿ, ತುಮಕೂರು ರೈಲು ನಿಲ್ದಾಣದ ಇಂಗ್ಲಿಷ್ ಪ್ರಕಟಣೆಯನ್ನು ಕೇಳಿ ಅರ್ಥಮಾಡಿಕೊಳ್ಳಬೇಕು. ಒಂಬತ್ತರಲ್ಲಿ ನಡೆದ ಸಂಗತಿಯೊಂದನ್ನು ಹತ್ತು ವಾಕ್ಯಗಳಲ್ಲಿ ಹೇಳಬೇಕು. ಹತ್ತರಲ್ಲಿ, ಮೊದಲು ಓದಿರದ ಪುಟವೊಂದನ್ನು ಓದಿ ತನ್ನ ಅಭಿಪ್ರಾಯ ತಿಳಿಸಬೇಕು. 20 ಆಂತರಿಕ ಅಂಕಗಳಲ್ಲಿ ಅರ್ಧ ಮಾತಿಗೇ ಮೀಸಲಾಗಲಿ, ಬೇರೆ ಶಾಲೆಯ ಶಿಕ್ಷಕರು ಬಂದು ಪರೀಕ್ಷಿಸಲಿ. ತರಬೇತಿ ಕೊಡಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ, ಬೆಂಗಳೂರಿನಲ್ಲಿ ಇಂಗ್ಲಿಷ್ ಶಿಕ್ಷಕರಿಗೆಂದೇ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ.

ಅಂಕ ಎಲ್ಲಿದೆಯೋ ಶಾಲೆಯ ಶ್ರಮ ಅಲ್ಲಿಗೆ ಹರಿಯುತ್ತದೆ. ಮಾತಿಗೆ ಅಂಕ ಬಂದ ವರ್ಷವೇ ಬೋರ್ಡಿನ ಉತ್ತರ ನಕಲು ಮಾಡುವ ಪೀರಿಯಡ್ಡು ಬದಲಾಗುತ್ತದೆ. ಹೊಸ ಪುಸ್ತಕ ಬೇಕಿಲ್ಲ, ಕಟ್ಟಡ ಬೇಕಿಲ್ಲ. ನಮ್ಮ ಮಕ್ಕಳಿಂದ ಪಾಸಿಗಿಂತ ಹೆಚ್ಚಿನದನ್ನು ನಿರೀಕ್ಷಿಸಬಹುದೆಂಬ ನಂಬಿಕೆ ಇಲಾಖೆಗೂ ನಮಗೂ ಇದ್ದರೆ, ಈ ಜೂನಿನಲ್ಲಿ ಎಂಟನೆಯ ತರಗತಿಗೆ ಸೇರುವ ಮಕ್ಕಳಿಂದಲೇ ಇದನ್ನು ಶುರು ಮಾಡಬಹುದು.